ಗೋಧಿ ಒಗ್ಗದ ಮಕ್ಕಳು



ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಕೆಲವರ ಸಣ್ಣ ಕರುಳನ್ನು ಕೆಡಿಸುತ್ತದೆ. ಸೀಲಿಯಾಕ್ ಎಂಬ ಈ ಕಾಯಿಲೆಯನ್ನು ಬಹುಕಾಲ ಯುರೋಪಿನ ಬಿಳಿಯರದೆಂದೇ ಭಾವಿಸಲಾಗಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು 23,331 ಭಾರತೀಯರನ್ನು ಪರೀಕ್ಷಿಸಿತು. ಉತ್ತರದಲ್ಲಿ ಸಾವಿರಕ್ಕೆ 8ಕ್ಕೂ ಹೆಚ್ಚು ಮಂದಿಗೆ ರೋಗವಿತ್ತು. ದಕ್ಷಿಣದಲ್ಲಿ 10 ಸಾವಿರಕ್ಕೆ ಒಬ್ಬರಷ್ಟೇ. ಹಾಗಾದರೆ ನಮ್ಮ ರಕ್ತವೇ ಬೇರೆಯೇ? ಅಲ್ಲ. ರೋಗಕ್ಕೆ ಎಡೆಗೊಡುವ ವಂಶವಾಹಿಯು ಎರಡೂ ಕಡೆ ಸುಮಾರು ಮೂರರಲ್ಲೊಬ್ಬರಲ್ಲಿತ್ತು. ವ್ಯತ್ಯಾಸವಿದ್ದುದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಿರಿಯರು ಮುದ್ದೆ, ಅನ್ನ ಉಂಡು ಬೆಳೆದವರು. ಇಂದು ನಮ್ಮ ಮನೆಗಳಲ್ಲಿ ಬೆಳಗ್ಗೆ ಬನ್ನು, ರಾತ್ರಿ ಪರೋಟ.

ಮೈ ಹತ್ತದ, ರಕ್ತಹೀನತೆ ನೀಗದ, ಪದೇ ಪದೇ ಭೇದಿಯಾಗುವ ಮಗುವಿಗೆ ನಜರ್ ತಗುಲಿದೆಯೆಂದು ತಾಯಿತ ಕಟ್ಟಿಸುವುದನ್ನು ನಾವು ಕಂಡಿದ್ದೇವೆ. ಅದರ ಬದಲು ವೈದ್ಯರಲ್ಲಿ ಸೀಲಿಯಾಕ್ ರಕ್ತಪರೀಕ್ಷೆಯ ಕುರಿತು ವಿಚಾರಿಸಿರಿ. ಪರೀಕ್ಷೆಗೆ ಮುನ್ನ ಗೋಧಿ ಬಿಡಿಸಬೇಡಿರಿ. ರೋಗವಿದ್ದೂ ಇಲ್ಲವೆಂದು ಬಂದೀತು. ದೃಢಪಟ್ಟರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ರೋಗಿಗೆ ಗೋಧಿ, ಬಾರ್ಲಿ ಜೀವನಪರ್ಯಂತ ವರ್ಜ್ಯ; ಈದಿನ ಶೀರ್ ಖುರ್ಮಾದ ಶಾವಿಗೆಯೂ, ರಮಝಾನಿನ ಹಲೀಮೂ ಸಲ್ಲದು. ರಾಗಿ, ಅಕ್ಕಿ, ಜೋಳ ಉಣ್ಣಬಹುದು. ಆದರೆ ಗಿರಣಿಯಲ್ಲಿ ಗೋಧಿಯ ಬೆನ್ನಿಗೇ ಬೀಸಿದ ರಾಗಿಹಿಟ್ಟು ಬೇಡ.