ತಾಯಿಯ ತಟ್ಟೆ ಕೊನೆಯದಾಗದಿರಲಿ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಶುಶ್ರೂಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ಮೊದಲು ಒಂದು ಪ್ರಶ್ನೆ ಕೇಳ್ತೇನೆ. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟ ಮಾಡಿದವರು ಯಾರು? ಕೈ ಎತ್ತಿ. ನೋಡಿ, ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲಿದೆ! ನೀವು ಊಟಕ್ಕೆ ಕೂತಾಗ ಪಾತ್ರೆಯಲ್ಲಿ ಏನು ಉಳಿದಿತ್ತು? ಅನ್ನ ಇತ್ತು, ತಿಳಿಸಾರು ಇತ್ತು. ಸೊಪ್ಪಿನ ಪಲ್ಯ, ಕಾಳು, ಮೊಟ್ಟೆ ಮುಗಿದಿತ್ತು. ಹೌದಲ್ವಾ? ಆ ಮುಗಿದು ಹೋದದ್ದರಲ್ಲೇ ನಮ್ಮ ದೇಹಕ್ಕೆ ಬೇಕಾದ ಖನಿಜಾಂಶಗಳು ಇದ್ದವು. ಇವತ್ತು ಅವುಗಳ ಬಗ್ಗೆ ಮಾತಾಡೋಣ.

ಖನಿಜಾಂಶ ಅಂದರೆ ಕಬ್ಬಿಣ, ಕ್ಯಾಲ್ಸಿಯಂ, ಅಯೋಡಿನ್, ಸತು ಮುಂತಾದವು. ಇವು ಬೇಕಾಗುವುದು ಸ್ವಲ್ಪವೇ. ಆದರೆ ಆ ಸ್ವಲ್ಪ ಸಿಗದಿದ್ದರೆ ಹೊಟ್ಟೆ ತುಂಬಿದ್ದರೂ ದೇಹ ಸೊರಗುತ್ತದೆ.

ಮೊದಲು ಕಬ್ಬಿಣದ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕು. ಹೆಂಗಸಿಗೆ 29 ಮಿಲಿಗ್ರಾಂ ಬೇಕು. ತಿಂಗಳು ತಿಂಗಳು ಮುಟ್ಟಿನಲ್ಲಿ ರಕ್ತ ಹೋಗುವುದರಿಂದ ನಮಗೇ ಹೆಚ್ಚು ಬೇಕು. ಆದರೆ ಮನೆಯಲ್ಲಿ ನಡೆಯುವುದು ಏನು? ಹೆಚ್ಚು ಬೇಕಾದವಳಿಗೆ ಕೊನೆಯ ಪಾಲು!

ಗರ್ಭಿಣಿಗೆ ದಿನಕ್ಕೆ 27 ಮಿಲಿಗ್ರಾಂ ಅಂತ ಲೆಕ್ಕ ಇದೆ. ‘ಇದೇನು, ಕಡಿಮೆ ಆಯ್ತಲ್ಲ’ ಅಂತ ನೀವು ಕೇಳಬಹುದು. ಮುಟ್ಟು ನಿಂತಿರುತ್ತದೆ, ಕರುಳೂ ಕಬ್ಬಿಣವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಅದಕ್ಕೆ ಹಾಗೆ. ಆದರೂ ಒಂಬತ್ತು ತಿಂಗಳಲ್ಲಿ ಮಗುವಿಗೆ, ಕಸಕ್ಕೆ, ತಾಯಿಯ ಹೆಚ್ಚುವ ರಕ್ತಕ್ಕೆ ಎಲ್ಲ ಸೇರಿ ಸುಮಾರು 1 ಗ್ರಾಂ ಕಬ್ಬಿಣ ಖರ್ಚಾಗುತ್ತದೆ. ಇದು ನಮ್ಮ ಸಂಘದ ಲೆಕ್ಕದ ಹಾಗೆಯೇ. ಮೊದಲೇ ಉಳಿತಾಯ ಇದ್ದವಳು ತಡೆದುಕೊಳ್ತಾಳೆ. ಖಾತೆಯಲ್ಲಿ ಏನೂ ಇಲ್ಲದೆ ಬಸುರಿ ಆದವಳು ಸಾಲದಲ್ಲಿ ಬೀಳ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಗರ್ಭಿಣಿಯರಲ್ಲಿ ಸುಮಾರು 46 ಮಂದಿಗೆ ರಕ್ತಹೀನತೆ ಕಂಡುಬಂತು.

ಗರ್ಭಿಣಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗೆ ಇಳಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಲೇಬೇಕು. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ಮೈಯಲ್ಲಿ ರಕ್ತ ಇರುವವಳು ಅದನ್ನು ತಡೆದುಕೊಳ್ಳುತ್ತಾಳೆ. ಮೊದಲೇ ರಕ್ತ ಇಲ್ಲದವಳಿಗೆ ಅದೇ ಪ್ರಾಣಕ್ಕೆ ಕುತ್ತಾಗಬಹುದು. ಮಗು ದಿನ ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆಯಾಗುವ ಅಪಾಯವೂ ಇದೆ.

ಒಂದು ಘಟನೆ ಹೇಳ್ತೇನೆ. ನಮ್ಮದೇ ಒಂದು ಸಂಘದ ಸದಸ್ಯೆ, ಹೆಸರು ಬೇಡ. ಆರು ತಿಂಗಳ ಬಸುರಿ. ನಾಲ್ಕು ಹೆಜ್ಜೆ ಹತ್ತಿದರೆ ಏದುಸಿರು. ಕದ್ದು ಕದ್ದು ಹಸಿ ಅಕ್ಕಿ ತಿನ್ನುತ್ತಿದ್ದಳು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8. ಆಶಾ ಕಾರ್ಯಕರ್ತೆ ಕೊಟ್ಟ ಗುಳಿಗೆಗಳೆಲ್ಲ ಟ್ರಂಕಿನಲ್ಲಿ ಹಾಗೇ ಇದ್ದವು. ‘ಗುಳಿಗೆ ನುಂಗಿದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ, ಮಗು ಕಪ್ಪಾಗುತ್ತೆ’ ಅಂತ ಅತ್ತೆ ಹೇಳಿದ್ದರಂತೆ. ನಾನು ಸೊಸೆಯ ಹತ್ತಿರ ಮಾತಾಡಲಿಲ್ಲ, ಅತ್ತೆಯ ಹತ್ತಿರವೇ ಕೂತೆ. ‘ಅಮ್ಮಾ, ಇದು ಮಗುವನ್ನು ದಪ್ಪ ಮಾಡುವ ಗುಳಿಗೆ ಅಲ್ಲ, ನಿಮ್ಮ ಸೊಸೆಗೆ ರಕ್ತ ಕೊಡುವ ಗುಳಿಗೆ. ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತೆ’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ತಂಗಿ ಬಾಣಂತನದಲ್ಲೇ ಹೋದಳು’ ಅಂದರು. ಅವತ್ತಿನಿಂದ ರಾತ್ರಿ ಅವರೇ ನೀರು, ಗುಳಿಗೆ ಹಿಡಿದು ಸೊಸೆಯ ಮುಂದೆ ನಿಲ್ಲುತ್ತಿದ್ದರು. ಒಂಬತ್ತನೇ ತಿಂಗಳಿಗೆ 10.2 ಆಯಿತು. ತಾಯಿ ಮಗು ಇಬ್ಬರೂ ಆಸ್ಪತ್ರೆಯಿಂದ ನಗುತ್ತಾ ಮನೆಗೆ ಬಂದರು.

ಕಬ್ಬಿಣದ ಗುಳಿಗೆಯ ಬಗ್ಗೆ ನೆನಪಿಡಿ:

1. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕೆಂಪು ಗುಳಿಗೆ, ಕಡಿಮೆ ಎಂದರೂ 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ರಕ್ತ ಕಡಿಮೆ ಇದ್ದರೆ ಎಷ್ಟು ಎಂದು ವೈದ್ಯರು ಹೇಳುತ್ತಾರೆ.

2. ಟೀ, ಕಾಫಿ, ಹಾಲಿನ ಜೊತೆ ನುಂಗಬೇಡಿ. ಊಟದ ಹಿಂದೆಯೇ ಟೀ ಕುಡಿಯುವ ಅಭ್ಯಾಸವನ್ನೂ ಬಿಡಿ. ಟೀ ಕಬ್ಬಿಣವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು ಸೇರಲು ಸಹಾಯ ಮಾಡುತ್ತವೆ.

3. ವಾಕರಿಕೆ ಬಂದರೆ ರಾತ್ರಿ ಮಲಗುವ ಮುಂಚೆ ನುಂಗಿ. ಮಲ ಕಪ್ಪಾದರೆ ಹೆದರಬೇಡಿ, ಅದು ಸಹಜ.

4. ಗುಳಿಗೆ ತಗೊಂಡೂ ಒಂದು ತಿಂಗಳಲ್ಲಿ ರಕ್ತ ಏರದಿದ್ದರೆ ವೈದ್ಯರಿಗೆ ತೋರಿಸಿ. ಜಂತುಹುಳು ಅಥವಾ ಬೇರೆ ಕಾರಣ ಇರಬಹುದು.

5. ಮಕ್ಕಳ ಕೈಗೆ ಸಿಗದಂತೆ ಇಡಿ. ಮಿಠಾಯಿ ಅಂತ ತಿಂದರೆ ಚಿಕ್ಕ ಮಕ್ಕಳಿಗೆ ಅದು ವಿಷ.

ಗುಳಿಗೆ ಇದೆ ಅಂತ ಊಟ ಬಿಡಬಾರದು. ಹುರುಳಿ, ಅಲಸಂದೆ, ಹೆಸರುಕಾಳು, ಹರಿವೆ ಸೊಪ್ಪು, ನುಗ್ಗೆಸೊಪ್ಪು ಇವುಗಳಲ್ಲೆಲ್ಲ ಕಬ್ಬಿಣ ಇದೆ. ಮಾಂಸ, ಮೀನಿನ ಕಬ್ಬಿಣ ಇನ್ನೂ ಸುಲಭವಾಗಿ ದೇಹಕ್ಕೆ ಸೇರುತ್ತದೆ. ಕಾಳನ್ನು ಮೊಳಕೆ ಕಟ್ಟಿ, ನಿಂಬೆರಸ ಹಿಂಡಿ ತಿಂದರೆ ಖರ್ಚಿಲ್ಲದೆ ಲಾಭ.

ಎರಡನೆಯದು ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ. ವಯಸ್ಕರಿಗೂ ಗರ್ಭಿಣಿಗೂ ದಿನಕ್ಕೆ 1000 ಮಿಲಿಗ್ರಾಂ, ಹಾಲೂಡಿಸುವ ತಾಯಿಗೆ 1200 ಮಿಲಿಗ್ರಾಂ ಬೇಕು. ಇದಕ್ಕೆ ದೊಡ್ಡ ಅಂಗಡಿಗೆ ಹೋಗಬೇಕಾಗಿಲ್ಲ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350, ಒಂದು ಲೋಟ ಹಾಲಿನಲ್ಲಿ ಸುಮಾರು 240, 10 ಗ್ರಾಂ ಎಳ್ಳಿನಲ್ಲಿ 120ಕ್ಕೂ ಹೆಚ್ಚು ಮಿಲಿಗ್ರಾಂ ಇದೆ. ಅಲ್ಲಿಗೇ 700 ದಾಟಿತು! ಉಳಿದದ್ದು ನುಗ್ಗೆಸೊಪ್ಪು, ಮೊಸರು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನಿನಿಂದ ಬರುತ್ತದೆ.

ಊಟದಲ್ಲಿ ಇಷ್ಟು ಸಿಗದವರೇ ಹೆಚ್ಚು. ಆದ್ದರಿಂದಲೇ ನಾಲ್ಕನೇ ತಿಂಗಳಿನಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಗುಳಿಗೆ ಕೊಡುತ್ತಾರೆ. ಗರ್ಭಿಣಿಗೆ ರಕ್ತದೊತ್ತಡ ಏರಿ ನಂಜಾಗುವುದನ್ನೂ ಇದು ಕಡಿಮೆ ಮಾಡುತ್ತದೆ. ಇದನ್ನು ಬೆಳಿಗ್ಗೆ, ಮಧ್ಯಾಹ್ನ ಊಟದ ಜೊತೆ ತಗೊಳ್ಳಿ. ಕಬ್ಬಿಣದ ಗುಳಿಗೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ. ಒಟ್ಟಿಗೆ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ.

ಮೂರನೆಯದು ಅಯೋಡಿನ್. ಗರ್ಭಿಣಿಗೆ ದಿನಕ್ಕೆ ಬೇಕಾದದ್ದು ಒಂದು ಸಾಸಿವೆ ಕಾಳಿಗಿಂತಲೂ ಎಷ್ಟೋ ಕಡಿಮೆ ತೂಕದಷ್ಟು. ಆದರೆ ಅದು ಸಿಗದಿದ್ದರೆ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು. ದೊಡ್ಡವರಿಗೆ ಗಳಗಂಡ ಬರಬಹುದು. ಪೊಟ್ಟಣದ ಮೇಲೆ ಅಯೋಡಿನ್ ಇದೆ ಎಂದು ಬರೆದಿರುವ ಉಪ್ಪನ್ನೇ ತನ್ನಿ. ಮುಚ್ಚಳವಿರುವ ಡಬ್ಬಿಯಲ್ಲಿಡಿ, ಒಲೆಯ ಪಕ್ಕ ಬೇಡ. ಅಯೋಡಿನ್ ಸಿಗಲಿ ಅಂತ ಉಪ್ಪು ಜಾಸ್ತಿ ತಿನ್ನಲೂಬಾರದು.

ಸತು ಮಗುವಿನ ಬೆಳವಣಿಗೆಗೆ, ಗಾಯ ಮಾಯಲು ಬೇಕು. ಕಾಳು, ಕಡಲೆಕಾಯಿ, ಮೊಟ್ಟೆ, ಮಾಂಸ ತಿಂದರೆ ಅದೂ ಸಿಗುತ್ತದೆ.

ಸಹೋದರಿಯರೇ, 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಆರಂಭವಾದಾಗ ಗರ್ಭಿಣಿ, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಲಿ ಅಂತ ಏರ್ಪಾಡು ಮಾಡಿದರು. ಯಾಕೆ ಗೊತ್ತಾ? ಮನೆಗೆ ಕೊಟ್ಟರೆ ಅವಳು ಎಲ್ಲರಿಗೂ ಹಂಚಿ, ತಾನು ತಿನ್ನುವುದಿಲ್ಲ. ಅಂಗನವಾಡಿಯಿಂದ ಬಂದದ್ದು ಅವಳ ಪಾಲು, ಅವಳೇ ತಿನ್ನಲಿ.

ಕೊನೆಗೆ ಒಂದು ವಿನಂತಿ. ಪ್ರತಿ ಸಭೆಯಲ್ಲಿ ಉಳಿತಾಯದ ಪುಸ್ತಕ ತೆರೆಯುವಾಗ, ಬಸುರಿಯಾದ ಸದಸ್ಯೆಯನ್ನು ಎರಡು ಮಾತು ಕೇಳಿ. ‘ತಾಯಿ ಕಾರ್ಡಿನಲ್ಲಿ ರಕ್ತ ಎಷ್ಟು ಬರೆದಿದ್ದಾರೆ? ನಿನ್ನೆ ಗುಳಿಗೆ ನುಂಗಿದೆಯಾ?’ ಮತ್ತು ಇವತ್ತು ರಾತ್ರಿ ಅಡುಗೆ ಬಡಿಸುವಾಗ ನಿಮ್ಮ ತಟ್ಟೆಯನ್ನೂ ಎಲ್ಲರ ತಟ್ಟೆಯ ಜೊತೆಗೇ ಇಡಿ. ಪಲ್ಯ ಮುಗಿಯುವ ಮೊದಲು ನಿಮ್ಮ ಪಾಲನ್ನು ಬಡಿಸಿಕೊಳ್ಳಿ. ಇದು ಸ್ವಾರ್ಥ ಅಲ್ಲ. ತಾಯಿ ಗಟ್ಟಿಯಾಗಿದ್ದರೆ ಮನೆ ಗಟ್ಟಿ.