ಕೇಳದೆ ಬಿಟ್ಟ ಓಟು

(ಗಿರಣಿ ಕೆಲಸಗಾರರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಹುಡುಗನನ್ನು ಗಲ್ಲಾದ ಮುಂದೆ ಕೂರಿಸಿ ಬಂದವರೂ ಇದ್ದೀರಿ. ಆದುದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ನಾವು ಪಂಡಿತರಲ್ಲ, ಶಾಸನಸಭೆಯಲ್ಲಿ ಕೂತವರೂ ಅಲ್ಲ. ಚುನಾವಣೆಯ ದಿನ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವ ಜನ. ಆ ಸಾಲಿನಲ್ಲಿ ನಿಂತವನ ಕಣ್ಣಿಗೆ ರಾಜಕೀಯ ಹೇಗೆ ಕಾಣುತ್ತದೆಯೋ ಅಷ್ಟನ್ನು ಮಾತ್ರ ಹೇಳುತ್ತೇವೆ.

ಯಾವ ಹೋಟೆಲಿನಲ್ಲಿ ಕೂತರೂ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. "ಯಾರು ಬಂದರೇನು ಸ್ವಾಮಿ, ನಮಗೆ ರಾಗಿ ಬೀಸುವುದು ತಪ್ಪೀತೇ?" ಇದನ್ನು ಹೇಳುವವನು ಸೋಮಾರಿಯಲ್ಲ, ಅವನು ಎಂಟು ಹತ್ತು ಸಲ ಓಟು ಹಾಕಿ ಬೇಸತ್ತವನು. ಎರಡನೆಯ ಮಾತು ಓಟಿನ ಹಿಂದಿನ ರಾತ್ರಿಯ ಹಣದ್ದು. ಐನೂರು ರೂಪಾಯಿ ತೆಗೆದುಕೊಂಡವನನ್ನು ಬಯ್ಯುವುದಕ್ಕೆ ಎಲ್ಲರಿಗೂ ಬಾಯಿದೆ. ಲೆಕ್ಕ ಹಾಕಿದರೆ ಐದು ವರ್ಷಕ್ಕೆ 1,826 ದಿನ. ಐನೂರನ್ನು ಅದರಿಂದ ಭಾಗಿಸಿದರೆ ದಿನಕ್ಕೆ 27 ಪೈಸೆ. ಒಂದು ಬೆಂಕಿಪೊಟ್ಟಣವೂ ಬಾರದು. ಕೊಟ್ಟವನೂ ತೆಗೆದುಕೊಂಡವನೂ ಕಾಯಿದೆಯ ಕಣ್ಣಿನಲ್ಲಿ ಅಪರಾಧಿಗಳೇ. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಈ ಹೊತ್ತು ನಾವು ಹೇಳಬೇಕೆಂದು ಬಂದದ್ದು ಮಾರಿಕೊಂಡ ಓಟಿನ ಮಾತಲ್ಲ. ಯಾರೂ ಕೊಳ್ಳದ, ಯಾರೂ ಕೇಳದ, ಕೇಳದೆಯೇ ಬಿಟ್ಟ ಒಂದು ಓಟಿನ ಮಾತು.

ಹಳ್ಳಿಯಿಂದ ದಿನಾ ಗಿರಣಿಗೆ ಬಂದು ಹೋಗುವ ಗೆಳೆಯನೊಬ್ಬ ಒಂದು ದಿನ ನಮ್ಮಲ್ಲಿಗೆ ಬಂದ. ಅವನೂರಿನ ಪ್ರಾಥಮಿಕ ಶಾಲೆಯ ಎರಡು ಕೋಣೆಗಳ ಮಾಡು ಸೋರುತ್ತದೆ. ಮಳೆ ಬಂದರೆ ನಾಲ್ಕು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಗ್ರಾಮ ಪಂಚಾಯಿತಿಗೆ ಹೋದರೆ "ಕಟ್ಟಡ ನಮ್ಮ ಕೈಯಲ್ಲಿಲ್ಲ" ಎಂದರು. ತಾಲ್ಲೂಕಿನ ಕಚೇರಿಗೆ ಹೋದ; ಅರ್ಜಿ ತೆಗೆದುಕೊಂಡರು. ಮತ್ತೆ ಹೋದಾಗ ಆ ಅಧಿಕಾರಿಗೆ ವರ್ಗವಾಗಿತ್ತು, ಹೊಸಬರು ಹೊಸ ಅರ್ಜಿ ಬರೆದು ತರಲು ಹೇಳಿದರು. ಒಂದೊಂದು ಸಲ ಹೋದಾಗಲೂ ಒಂದು ದಿನದ ಕೂಲಿ ಹೋಯಿತು. ಕೊನೆಗೆ ಅವನು ನಮ್ಮನ್ನು ಕೇಳಿದ: "ಅಣ್ಣಾ, ನಮ್ಮ ಜಿಲ್ಲಾ ಪಂಚಾಯಿತಿ ಮೆಂಬರು ಯಾರು? ಅವರನ್ನೇ ಹೋಗಿ ಹಿಡಿಯೋಣ."

ನಮ್ಮಲ್ಲಿ ಐದಾರು ಜನ ಇದ್ದೆವು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಯಾರಿಗೂ ಹೆಸರು ಗೊತ್ತಿರಲಿಲ್ಲ. ಮರೆತದ್ದಲ್ಲ, ಮೆಂಬರೇ ಇರಲಿಲ್ಲ!

ಕರ್ನಾಟಕದ ಜಿಲ್ಲಾ ಪಂಚಾಯಿತಿಗಳಿಗೂ ತಾಲ್ಲೂಕು ಪಂಚಾಯಿತಿಗಳಿಗೂ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2021ರಲ್ಲಿ ತೀರಿತು. ಅಲ್ಲಿಂದ 2025ರ ಕೊನೆಯವರೆಗೆ ಮತ್ತೆ ಚುನಾವಣೆ ನಡೆಯಲಿಲ್ಲ. ಅಂದರೆ ಒಂದು ಪೂರ್ತಿ ಅವಧಿಗೆ ಹತ್ತಿರ ಹತ್ತಿರ ಬರುವಷ್ಟು ಕಾಲ ಜಿಲ್ಲೆಯ ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರು, ಹಳ್ಳಿಯ ರಸ್ತೆ ಇವೆಲ್ಲವನ್ನೂ ಜನ ಆರಿಸದ ಆಡಳಿತಾಧಿಕಾರಿಗಳ ಕೈಯಲ್ಲಿಟ್ಟು ನಡೆಸಲಾಯಿತು. ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಯ ಸ್ಥಾನಗಳೇ ಸಾವಿರಕ್ಕೆ ಮೇಲ್ಪಟ್ಟಿವೆ, ತಾಲ್ಲೂಕಿನವು ಬೇರೆ. ಅವುಗಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಆ ಕುರ್ಚಿಗಳೆಲ್ಲ ಖಾಲಿ ಬಿದ್ದವು. ಬೀದಿಯಲ್ಲಿ ಗಲಾಟೆಯಾಯಿತೇ? ಇಲ್ಲ. ಒಂದು ದಿನ ನಲ್ಲಿಯಲ್ಲಿ ನೀರು ಬಾರದಿದ್ದರೆ ಕೊಡ ಹಿಡಿದು ರಸ್ತೆಗಿಳಿಯುತ್ತೇವೆ. ಓಟು ಬಾರದಿದ್ದುದು ನಮ್ಮ ಗಮನಕ್ಕೇ ಬರಲಿಲ್ಲ.

ಇದೇನು ಸರಕಾರದ ಇಷ್ಟಾನಿಷ್ಟದ ಸಂಗತಿಯೇ? ಅಲ್ಲ. 1992ರಲ್ಲಿ ಪಾರ್ಲಿಮೆಂಟು ಸಂವಿಧಾನಕ್ಕೆ 73ನೆಯ ತಿದ್ದುಪಡಿಯನ್ನು ಮಾಡಿತು. 1993ರಲ್ಲಿ ಅದು ಜಾರಿಗೆ ಬಂದಿತು. ಅದರ ಪ್ರಕಾರ ಪಂಚಾಯಿತಿಯ ಆಯುಷ್ಯ ಐದು ವರ್ಷ, ಅದಕ್ಕಿಂತ ಹೆಚ್ಚಲ್ಲ. ಆ ಐದು ವರ್ಷ ತೀರುವುದರೊಳಗೇ ಮುಂದಿನ ಚುನಾವಣೆ ಮುಗಿದಿರತಕ್ಕದ್ದು. ಅದೇ ಕಾಲದ 74ನೆಯ ತಿದ್ದುಪಡಿ ಪಟ್ಟಣಗಳಿಗೂ ಇದನ್ನೇ ವಿಧಿಸಿತು. ಇಂಥ ಕಟ್ಟುಪಾಡು ಏಕೆ ಬೇಕಾಯಿತೆಂದರೆ, ಅದಕ್ಕೆ ಮುಂಚೆ ಸ್ಥಳೀಯ ಮಂಡಳಿಗಳನ್ನು ಬೇಕೆಂದಾಗ ಮಾಡುವುದು, ಬೇಡವಾದಾಗ ವಿಸರ್ಜಿಸಿ ಅಧಿಕಾರಿಗಳನ್ನು ಕೂರಿಸುವುದು ದೇಶದ ಅನೇಕ ಕಡೆ ಅಭ್ಯಾಸವಾಗಿತ್ತು.

ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ನಾಡೇನಲ್ಲ. ಸಂವಿಧಾನದ ತಿದ್ದುಪಡಿಗೆ ಹತ್ತು ವರ್ಷ ಮೊದಲೇ, 1983ರಲ್ಲಿ, ಇಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯಿದೆಯನ್ನು ರೂಪಿಸಲಾಯಿತು. ಅದರ ಹಿಂದೆ ನಿಂತವರು ಅಬ್ದುಲ್ ನಜೀರ್ ಸಾಬ್. ಬರದ ಹಳ್ಳಿಗಳಲ್ಲಿ ಕೊಳವೆ ಬಾವಿ ಕೊರೆಸಿದುದಕ್ಕಾಗಿ ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ ಎಂದು ಆಗಲೇ ಬರೆದಿದ್ದರು. 1987ರಲ್ಲಿ ಚುನಾವಣೆಯಾಯಿತು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಚೌಖಂಬಾ ರಾಜ್ಯವೆಂದು ಹೇಳುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಕೇಳಿರಬಹುದು. ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬದ ಮೇಲೆ ನಿಂತ ರಾಜ್ಯ ಅದು. ಎರಡನೆಯ ಕಂಬವನ್ನು ಕಿತ್ತಿಟ್ಟು ಚಾವಣಿಗೆ ಬಣ್ಣ ಬಳಿಯುತ್ತಿದ್ದರೆ ಅದನ್ನು ಮನೆಯೆಂದು ಕರೆಯಲಾದೀತೇ?

ಚುನಾವಣೆ ಏಕೆ ನಡೆಯಲಿಲ್ಲವೆಂದು ಕೇಳಿದರೆ ಕೊರೋನಾ ಎನ್ನುವವರಿದ್ದರು. ಆದರೆ ಅದೇ ಕೊರೋನಾದ ನಡುವೆ, 2020ರ ಡಿಸೆಂಬರಿನಲ್ಲಿ, ರಾಜ್ಯದ ಬಹುಪಾಲು ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜನ ಓಟು ಹಾಕಿದರು. ನಿಜವಾದ ಕಥೆ ಬೇರೆಯೇ ಇದೆ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಗುರುತಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಆಗ ಸರಕಾರ ಕಾಯಿದೆಯನ್ನೇ ತಿದ್ದಿ ಆ ಅಧಿಕಾರವನ್ನು ಆಯೋಗದಿಂದ ಕಿತ್ತುಕೊಂಡು, ತಾನು ನೇಮಿಸಿದ ಮತ್ತೊಂದು ಆಯೋಗಕ್ಕೆ ಕೊಟ್ಟಿತು. ಅಳೆದ ಬಟ್ಟೆಯನ್ನು ಕಿತ್ತುಕೊಂಡು ಇನ್ನೊಬ್ಬ ದರ್ಜಿಗೆ ಕೊಟ್ಟಂತಾಯಿತು. ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆಯೂ ಕೂಡಿಕೊಂಡಿತು. ಆ ಪ್ರಶ್ನೆ ನ್ಯಾಯವಾದದ್ದೇ. ಹಿಂದುಳಿದವರಿಗೆ ಪಾಲು ಸಿಗಲೇಬೇಕು. ಆದರೆ ಅದರ ಹೆಸರಿನಲ್ಲಿ ಸ್ಥಳೀಯ ಚುನಾವಣೆಯನ್ನು ತಡೆದಿಡಕೂಡದೆಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರದೇಶದ ಒಂದು ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿತು. ಚುನಾವಣೆಯೇ ಇಲ್ಲದಿದ್ದರೆ ಹಿಂದುಳಿದವನಿಗೆ ಸಿಕ್ಕಿದ ಪಾಲಾದರೂ ಏನು? ಸೊನ್ನೆಯಲ್ಲಿ ಮೂರನೆಯ ಒಂದು ಭಾಗವೂ ಸೊನ್ನೆಯೇ.

2022ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ಈ ವಿಳಂಬಕ್ಕಾಗಿ ರಾಜ್ಯ ಸರಕಾರದ ಮೇಲೆ 5 ಲಕ್ಷ ರೂಪಾಯಿ ದಂಡ ವಿಧಿಸಿತು. ಸರಕಾರ ದಂಡ ಕಟ್ಟುವುದು ಯಾರ ಹಣದಿಂದ? ನೀವು ಸೋಪು ಕೊಂಡಾಗ ಕೊಟ್ಟ ತೆರಿಗೆಯಿಂದ! ಓಟನ್ನು ಕಳೆದುಕೊಂಡವರೂ ನಾವೇ, ಅದಕ್ಕೆ ದಂಡ ತೆತ್ತವರೂ ನಾವೇ.

2023ರ ಮೇ ತಿಂಗಳಲ್ಲಿ ಸರಕಾರ ಬದಲಾಯಿತು. ಕುರ್ಚಿಯಲ್ಲಿ ಕೂತ ಪಕ್ಷ ಬೇರೆ, ವಿರೋಧದಲ್ಲಿ ಕೂತದ್ದು ಬೇರೆ. ಇಷ್ಟು ದಿನ ಚುನಾವಣೆ ಎಲ್ಲಿ ಎಂದು ಕೂಗಿದವರು ಈಗ ನಡೆಸುತ್ತಾರೆಂದು ಕಾದೆವು. 2024 ಹೋಯಿತು, 2025 ಹೋಯಿತು. ಕೂಗುವ ಕೆಲಸ ಮಾತ್ರ ಆ ಕಡೆಯಿಂದ ಈ ಕಡೆಗೆ ಬದಲಾಯಿತು. ಆದುದರಿಂದ ಇದನ್ನು ಒಂದು ಪಕ್ಷದ ತಪ್ಪೆಂದು ನಾವು ಹೇಳುವುದಿಲ್ಲ. ಬೇರೆ ಎಲ್ಲದರಲ್ಲೂ ಕಚ್ಚಾಡುವವರು ಈ ಒಂದು ವಿಷಯದಲ್ಲಿ ಮಾತನಾಡದೆಯೇ ಒಪ್ಪಿಕೊಂಡಿದ್ದರು.

ನಮ್ಮ ಅಭಿಪ್ರಾಯ ಇಷ್ಟು. ಜಿಲ್ಲಾ ಪಂಚಾಯಿತಿಯ ಒಬ್ಬ ಒಳ್ಳೆಯ ಸದಸ್ಯ ನಾಳೆ ಶಾಸಕನ ಎದುರಾಳಿ. ಹಳ್ಳಿಹಳ್ಳಿ ತಿರುಗಿ ಕೊಳವೆ ಬಾವಿ ಹಾಕಿಸಿದವನನ್ನು, ಶಾಲೆ ಕಟ್ಟಿಸಿದವಳನ್ನು ಜನ ಗುರುತಿಟ್ಟುಕೊಳ್ಳುತ್ತಾರೆ. ಅಧಿಕಾರಿಯಾದರೆ ಆ ಭಯವಿಲ್ಲ. ಹೇಳಿದ ಕಡೆಗೆ ಹಣ ಹಾಕುತ್ತಾನೆ, ಇಲ್ಲದಿದ್ದರೆ ವರ್ಗವಾಗುತ್ತಾನೆ. ಮಂಡಳಿಯ ಸಭೆಯಿಲ್ಲ, ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವವನಿಲ್ಲ. ಎಲ್ಲಾ ಅಧಿಕಾರಿಗಳೂ ಕೆಟ್ಟವರೆಂದು ನಾವು ಹೇಳುತ್ತಿಲ್ಲ, ಒಳ್ಳೆಯವರನ್ನು ಕಂಡಿದ್ದೇವೆ. ಆದರೆ ಒಳ್ಳೆಯ ಅಧಿಕಾರಿಯನ್ನು ನಾವು ಉಳಿಸಿಕೊಳ್ಳಲಾರೆವು, ಕೆಟ್ಟವನನ್ನು ಕಳುಹಿಸಲಾರೆವು. ಮೆಂಬರನ್ನಾದರೆ ಎರಡನ್ನೂ ಮಾಡಬಹುದು.

ನಷ್ಟ ಮಾತಿನದು ಮಾತ್ರವಲ್ಲ, ಹಣದ್ದೂ ಹೌದು. 15ನೆಯ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳಿಗೆಂದು ಗೊತ್ತುಮಾಡಿದ ಅನುದಾನಕ್ಕೆ, ಅಲ್ಲಿ ಚುನಾಯಿತ ಮಂಡಳಿ ಇರಬೇಕೆಂಬ ಷರತ್ತಿತ್ತು. ಮಂಡಳಿ ಇಲ್ಲದ ಕಡೆ ಕೇಂದ್ರದ ಆ ಬಾಗಿಲು ಮುಚ್ಚುತ್ತಿತ್ತು. ಸೋರುವ ಮಾಡಿಗೂ ಇದಕ್ಕೂ ಏನು ಸಂಬಂಧವೆಂದು ಇನ್ನು ಕೇಳಬೇಕಾಗಿಲ್ಲ.

ವರ್ತಕ ಬಂಧುಗಳು ಇದು ಹಳ್ಳಿಯವರ ಗೋಳೆಂದುಕೊಳ್ಳಬಾರದು. 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಪುರಸಭೆ, ನಗರಸಭೆಗಳಿಗೆ ಚುನಾವಣೆಯಾಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿಗೆ ಹೋದುದರಿಂದ ಗೆದ್ದವರು ಅಧ್ಯಕ್ಷರನ್ನು ಆರಿಸಿಕೊಳ್ಳಲು ಎರಡು ವರ್ಷ ಕಾದರು. ಗೆದ್ದು ಬಂದ ಮದುಮಗನನ್ನು ಚಪ್ಪರದ ಹೊರಗೇ ನಿಲ್ಲಿಸಿದಂತೆ! ಅಂಗಡಿಯ ಬಾಡಿಗೆ, ಪರವಾನಗಿಯ ಶುಲ್ಕ, ಸಂತೆಯ ಸುಂಕದ ಹರಾಜು ಎಲ್ಲವನ್ನೂ ತೀರ್ಮಾನಿಸುವ ಜಾಗ ಅದು. ಬೆಂಗಳೂರಿನದನ್ನು ಕೇಳುವುದೇ ಬೇಡ. ಅಲ್ಲಿಯ ಮಹಾನಗರಪಾಲಿಕೆಗೆ ಕೊನೆಯ ಚುನಾವಣೆ 2015ರಲ್ಲಿ. ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಪಾಲಿಕೆಯನ್ನೇ ಒಡೆದು ಐದು ಮಾಡಿದರು. ಆ ವರ್ಷ ಮುಗಿಯುವವರೆಗೆ ಐದರಲ್ಲಿ ಒಂದಕ್ಕೂ ಚುನಾವಣೆ ಆಗಲಿಲ್ಲ. ತಳ್ಳುಗಾಡಿಯವರಿಗೆ ಇನ್ನೊಂದು ಮಾತು: 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರನ್ನು ನೀವೇ ಆರಿಸಬೇಕು. ನಿಮ್ಮ ಬೀದಿಯಲ್ಲಿ ಆ ಓಟನ್ನು ಯಾವಾಗ ಕೇಳಿದರು, ನೆನಪು ಮಾಡಿಕೊಳ್ಳಿ.

ಕೆಲಸಗಾರರಿಗೆ ಶಾಸನಸಭೆಯ ಮತ್ತು ಲೋಕಸಭೆಯ ಚುನಾವಣೆಯ ದಿನ ಸಂಬಳ ಸಹಿತ ರಜೆ ಕೊಡತಕ್ಕದ್ದೆಂದು ಪ್ರಜಾಪ್ರತಿನಿಧಿ ಕಾಯಿದೆಯ 135-ಬಿ ವಿಧಿ ಹೇಳುತ್ತದೆ. ದಿನಗೂಲಿಯವರಿಗೂ ಅದು ಸಲ್ಲುತ್ತದೆ. ಗಿರಣಿಯ ಮೇಸ್ತ್ರಿ ಇಲ್ಲವೆಂದರೆ ಈ ಅಂಕಿಯನ್ನು ಹೇಳಿ. ಜಿಲ್ಲಾ ಪಂಚಾಯಿತಿಯ ಮಟ್ಟಿಗಾದರೋ ಕೆಲಸಗಾರನಿಗೆ ರಜೆ ಸಿಗುವ ಬದಲು ಓಟಿಗೇ ರಜೆ ಸಿಕ್ಕಿತು.

ತಪ್ಪು ನಮ್ಮದೂ ಇದೆ, ಅದನ್ನು ಮರೆಮಾಚುವುದಿಲ್ಲ. 2023ರಲ್ಲಿ ಶಾಸನಸಭೆಯ ಚುನಾವಣೆ, 2024ರಲ್ಲಿ ಲೋಕಸಭೆಯದು. ಎರಡು ಸಲವೂ ಅಭ್ಯರ್ಥಿಗಳು ಕೈಮುಗಿದುಕೊಂಡು ಈ ಬೀದಿಗೆ ಬಂದರು. ಜಾತಿ ಕೇಳಿದೆವು, ಟಿಕೆಟು ಹೇಗೆ ಸಿಕ್ಕಿತೆಂದು ಕೇಳಿದೆವು, ದೇವಸ್ಥಾನಕ್ಕೆ ಗಂಟೆ ಕೇಳಿದೆವು. "ನಮ್ಮ ಜಿಲ್ಲೆಯ ಓಟು ಎಲ್ಲಿ ಹೋಯಿತು?" ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಆ ದಿನ ಹೂವಿನ ಹಾರ ಹಿಡಿದು ನಿಂತವರಲ್ಲಿ ನಾವೂ ಇದ್ದೆವು.

ಬಾಗಿಲ ಬಳಿಯ ಮೇಜಿನ ಮೇಲೆ ರಾಜ್ಯ ಚುನಾವಣಾ ಆಯೋಗಕ್ಕೂ ಮುಖ್ಯಮಂತ್ರಿಗಳಿಗೂ ಬರೆದ ಎರಡು ಅರ್ಜಿಗಳಿವೆ. ಐದು ವರ್ಷ ತೀರುವುದರೊಳಗೆ ಚುನಾವಣೆಯೆಂಬ ಸಂವಿಧಾನದ ವಿಧಿಯನ್ನು ಮುಂದೆ ಎಂದೂ ಮುರಿಯಕೂಡದೆಂಬುದೊಂದೇ ಅದರಲ್ಲಿಯ ಮಾತು, ಬಯ್ಗುಳವೇನೂ ಇಲ್ಲ. ಓದಿ, ಒಪ್ಪಿಗೆಯಾದರೆ ರುಜು ಹಾಕಿ. ಊರಿನ ಹೆಸರನ್ನೂ ಬರೆಯಿರಿ. ರಾತ್ರಿ ಪಾಳಿಯವರಿಗಾಗಿ ಒಂದು ಪ್ರತಿಯನ್ನು ಗಿರಣಿಯ ಗೇಟಿನ ಎದುರಿನ ಚಹದಂಗಡಿಯಲ್ಲಿ ಇಡಲಾಗಿದೆ. ಮೊದಲನೆಯ ರುಜು ಆ ಸೋರುವ ಶಾಲೆಯ ಊರಿನ ಗೆಳೆಯನದು. ಅವನು ಈ ದಿನ ಸಭೆಗೆ ಬಂದಿಲ್ಲ. ಇನ್ನೊಂದು ದಿನದ ಕೂಲಿ ಕಳೆದುಕೊಂಡು ತಾಲ್ಲೂಕಿನ ಕಚೇರಿಗೆ ಹೋಗಿದ್ದಾನೆ.