ತಂತಿಯ ಕಾವಲು



ದೀಪ ಉರಿಯುತ್ತಿರುವಾಗ ಅದರ ಹಿಂದೆ ಇರುವ ತಂತಿಯನ್ನು ಯಾರೂ ನೆನೆಯುವುದಿಲ್ಲ. ಆರಿದಾಗ ನೆನೆಯುತ್ತೇವೆ, ಅದೂ ಸಹಸ್ರನಾಮದೊಡನೆ. ಈ ಉಪನ್ಯಾಸದ ನಡುವೆಯೇ ವಿದ್ಯುತ್ಪ್ರವಾಹ ನಿಂತುಹೋದರೆ ನನ್ನ ಮಾತು ನಿಮಗೆ ಮುಟ್ಟದು. ನಿಮ್ಮಲ್ಲಿ ಕೆಲವರಿಗೆ ಅದೊಂದು ಉಪಕಾರವೇ ಆದೀತು. ಆದರೆ ಅದೇ ತಂತಿಯಿಂದಲೇ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೊಠಡಿಯೂ ಬೆಳಗುತ್ತದೆಯೆಂಬುದನ್ನು ನೆನೆದರೆ ವಿನೋದ ಅಲ್ಲಿಗೇ ನಿಲ್ಲುತ್ತದೆ. ಈ ತಂತಿಯನ್ನು ಕಾಯುವವರು ಯಾರು, ಯಾರಿಂದ ಕಾಯಬೇಕು, ಹೇಗೆ ಕಾಯಬೇಕು ಎಂಬುದೇ ಈ ಹೊತ್ತಿನ ವಿಷಯ.

ಈ ಪ್ರಶ್ನೆ ನಮ್ಮ ನಾಡಿಗೆ ಬಹು ಹಳೆಯದು. 1902ನೆಯ ಇಸವಿಯ ಜೂನ್ ತಿಂಗಳಲ್ಲಿ ಶಿವನಸಮುದ್ರದ ಯಂತ್ರಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ದೂರ 92 ಮೈಲಿ. ಅಷ್ಟು ದೂರ ಶಕ್ತಿಯನ್ನೊಯ್ಯುವ ಮಾರ್ಗಗಳು ಆಗ ಪ್ರಪಂಚದಲ್ಲಿಯೇ ಬೆರಳೆಣಿಕೆಗೆ ಮೀರುತ್ತಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ, ಜೋಲಿ ಡಿ ಲೋಬಿನಿಯೇರ್ ಎಂಬ ಎಂಜಿನಿಯರರ ಸಾಹಸ ಎರಡೂ ಸೇರಿ ಆದ ಕೆಲಸ ಅದು. ಹಿಂದಿನ ವರ್ಷವೇ ತೀರಿಕೊಂಡಿದ್ದ ದಿವಾನರಿಗೆ ಅದನ್ನು ನೋಡುವ ಯೋಗವಿರಲಿಲ್ಲ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಇನ್ನೂ ಮೂರು ವರ್ಷ ಕಳೆದು, 1905ರಲ್ಲಿ. ನಡುವಣ ಹಳ್ಳಿಗಳ ಮಾತನ್ನಂತೂ ಕೇಳುವುದೇ ಬೇಡ. ಅವುಗಳ ತಲೆಯ ಮೇಲೆ ಸಾವಿರಾರು ವೋಲ್ಟಿನ ಶಕ್ತಿ ಹಗಲಿರುಳೂ ಹಾದುಹೋಗುತ್ತಿತ್ತು. ಕೆಳಗೆ ಗುಡಿಸಲಿನಲ್ಲಿ ಹರಳೆಣ್ಣೆಯ ಹಣತೆ ಮಿಣುಗುಟ್ಟುತ್ತಿತ್ತು. ಈ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಂಡಿರಿ; ಮುಂದೆ ಇದರಿಂದ ಕೆಲಸವಿದೆ.

ಖಜಾನೆಯನ್ನು ಕಾಯುವುದು ಸುಲಭ. ಅದಕ್ಕೆ ನಾಲ್ಕು ಗೋಡೆ, ಒಂದು ಬಾಗಿಲು, ಬಾಗಿಲಲ್ಲಿ ಒಬ್ಬ ಪಹರೆಯವನು. ವಿದ್ಯುಚ್ಛಕ್ತಿಯ ಐಶ್ವರ್ಯವಾದರೋ ಬಟ್ಟಬಯಲಿನಲ್ಲಿ ಚಾಚಿಕೊಂಡಿರುತ್ತದೆ. ಅದು ಹೊಲ ದಾಟುತ್ತದೆ, ಕಾಡು ಹೊಗುತ್ತದೆ, ಬೆಟ್ಟ ಹತ್ತುತ್ತದೆ. ಪ್ರತಿ ಕಂಬಕ್ಕೂ ಒಬ್ಬ ಸಿಪಾಯಿಯನ್ನು ನಿಲ್ಲಿಸಿದರೆ ನಾಡಿನ ತರುಣರೆಲ್ಲ ಕಂಬ ಕಾಯುವುದರಲ್ಲಿಯೇ ಮುದುಕರಾಗಬೇಕಾದೀತು.

ಹಾನಿ ಮಾಡುವವರೆಲ್ಲರೂ ಒಂದೇ ಬಗೆಯವರಲ್ಲ. ಮೊದಲನೆಯವನು ತುಂಟ. ಕಂಬದ ಮೇಲಿನ ಪಿಂಗಾಣಿಯ ಬಟ್ಟಲಿಗೆ ಗುರಿಯಿಟ್ಟು ಕವಣೆಕಲ್ಲು ಬೀಸುವ ಹುಡುಗನನ್ನು ನೀವೂ ಕಂಡಿರಬಹುದು. ಆ ಬಟ್ಟಲು ಅಲಂಕಾರದ ಸಾಮಾನಲ್ಲ. ತಂತಿಯ ಶಕ್ತಿ ಕಂಬದ ಮೂಲಕ ನೆಲಕ್ಕಿಳಿಯದಂತೆ ತಡೆಯುವುದು ಅದೇ. ದೊಡ್ಡ ಮಾರ್ಗಗಳಲ್ಲಿ ಹದಿಮೂರು ಹದಿನಾಲ್ಕು ಬಟ್ಟಲುಗಳು ಸರವಾಗಿ ತೂಗಿರುತ್ತವೆ. ಒಂದು ಒಡೆದರೆ ಉಳಿದವು ಭಾರ ಹೊರುತ್ತವೆ. ಮೂರು ನಾಲ್ಕು ಒಡೆದ ಮೇಲೆ ಒಂದು ತುಂತುರು ಮಳೆ ಸಾಕು, ಕಿಡಿ ಸರವನ್ನೇ ಹಾರಿಬಿಡುತ್ತದೆ. ಹುಡುಗನ ಆಟಕ್ಕೂ ಊರಿನ ಕತ್ತಲೆಗೂ ನಡುವೆ ಆರು ತಿಂಗಳ ಅಂತರವಿರಬಹುದಾದ್ದರಿಂದ ಅವನಿಗೆ ತನ್ನ ಪಾಪ ತಿಳಿಯುವುದೇ ಇಲ್ಲ.

ಎರಡನೆಯವನು ಕಳ್ಳ. ನನ್ನ ಅಭಿಪ್ರಾಯದಲ್ಲಿ ನಮ್ಮ ದೇಶದ ಮಟ್ಟಿಗೆ ಇವನೇ ಮುಖ್ಯ. ಉಕ್ಕಿನ ಗೋಪುರಗಳನ್ನು ನೋಡಿದ್ದೀರಷ್ಟೆ. ನಮ್ಮ ಕಮ್ಮಾರರು ಆಂಗಲ್ ಎನ್ನುವ ಪಟ್ಟಿಗಳನ್ನು ಒಂದಕ್ಕೊಂದು ಅಡ್ಡಡ್ಡಲಾಗಿ ಬೋಲ್ಟಿನಿಂದ ಬಿಗಿದು ಕಟ್ಟಿದ ಜಾಲ ಅದು. ಕಳ್ಳನು ಕೆಳಗಡೆಯ ನಾಲ್ಕಾರು ಅಡ್ಡಪಟ್ಟಿಗಳನ್ನು ಬಿಚ್ಚಿ ಹೊತ್ತೊಯ್ಯುತ್ತಾನೆ. ಗೋಪುರ ಅಂದೇ ಬೀಳುವುದಿಲ್ಲ. ಗಾಳಿಯಿಲ್ಲದ ದಿನಗಳಲ್ಲಿ ಬಡಕಲು ಎತ್ತಿನಂತೆ ನಿಂತೇ ಇರುತ್ತದೆ. ಮುಂಗಾರಿನ ಮೊದಲ ಬಿರುಗಾಳಿಗೆ ಕಾಲು ಬಾಗಿ ಕುಸಿಯುತ್ತದೆ. ಒಂದು ಕುಸಿದರೆ ಅದರ ತಂತಿಗಳ ಎಳೆತಕ್ಕೆ ಅಕ್ಕಪಕ್ಕದವೂ ಬಗ್ಗುವುದುಂಟು. ಕಳ್ಳನಿಗೆ ದಕ್ಕಿದ್ದು ಕೆಲವು ಮಣ ಕಬ್ಬಿಣ. ನಾಡಿಗೆ ನಷ್ಟವಾದದ್ದು ಒಂದು ಜಿಲ್ಲೆಯ ಬೆಳಕು. ಇದಕ್ಕಾಗಿಯೇ ಈಗ ಗೋಪುರಗಳ ಕೆಳಭಾಗದ ಬೋಲ್ಟುಗಳನ್ನು ಬಿಚ್ಚಲಾಗದಂತೆ ಬೆಸುಗೆ ಹಾಕುತ್ತಾರೆ, ಮೇಲಕ್ಕೆ ಹತ್ತಲಾಗದಂತೆ ಮುಳ್ಳುತಂತಿ ಸುತ್ತುತ್ತಾರೆ.

ಹೊಲದಂಚಿನ ಟ್ರಾನ್ಸ್‌ಫಾರ್ಮರಿನ ಕಥೆ ಇದಕ್ಕಿಂತಲೂ ಕರುಣಾಜನಕ. ಅದರ ಹೊಟ್ಟೆಯಲ್ಲಿ ತಾಮ್ರದ ಸುರುಳಿಯಿದೆ, ಸುರುಳಿ ಮುಳುಗುವಷ್ಟು ಎಣ್ಣೆಯಿದೆ. ಎಣ್ಣೆ ಚೆಲ್ಲಿ ತಾಮ್ರವನ್ನು ಕದ್ದೊಯ್ದರೆ ಉಳಿಯುವುದು ಬರಿಯ ಕಬ್ಬಿಣದ ಡಬ್ಬಿ. ಬದಲಿ ಬರುವವರೆಗೆ ಸುತ್ತಲಿನ ಪಂಪುಗಳೆಲ್ಲ ಮೂಕವಾಗುತ್ತವೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ಹತ್ತು ದಿನ ನೀರಿಲ್ಲದ ಪೈರಿನ ಗತಿಯೇನೆಂಬುದನ್ನು ಪಟ್ಟಣವಾಸಿಗಳಾದ ನಮಗೆ ಯಾರೂ ಹೇಳುವುದಿಲ್ಲ. ತರಕಾರಿಯ ಬೆಲೆ ಮಾತ್ರ ಹೇಳುತ್ತದೆ.

ಮೂರನೆಯವನು ಬುದ್ಧಿಪೂರ್ವಕವಾಗಿ ಕೆಡಿಸುವವನು. ಅವನಿಗೆ ತಾಮ್ರ ಬೇಡ, ಕಬ್ಬಿಣ ಬೇಡ, ಕತ್ತಲೆಯೇ ಬೇಕು. 2013ನೆಯ ಇಸವಿಯ ಏಪ್ರಿಲ್ 16ನೆಯ ತಾರೀಖಿನ ನಡುರಾತ್ರಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಹತ್ತಿರ, ಮೆಟ್‌ಕಾಫ್ ಎಂಬಲ್ಲಿಯ ವಿದ್ಯುತ್ ಉಪಕೇಂದ್ರದ ಮೇಲೆ ನಡೆದ ದಾಳಿ ಇದಕ್ಕೆ ಪ್ರಸಿದ್ಧ ಉದಾಹರಣೆ. ದಾಳಿಕಾರರು ಮೊದಲು ನೆಲದೊಳಗಿನ ದೂರವಾಣಿಯ ತಂತುಗಳನ್ನು ಕತ್ತರಿಸಿದರು. ಆಮೇಲೆ ಬೇಲಿಯ ಹೊರಗೆ ದೂರದಲ್ಲಿ ನಿಂತು, ಟ್ರಾನ್ಸ್‌ಫಾರ್ಮರುಗಳನ್ನು ತಂಪಾಗಿಡುವ ಎಣ್ಣೆಯ ಭಾಗಕ್ಕೇ ಗುರಿಯಿಟ್ಟು ಬಂದೂಕು ಹಾರಿಸಿದರು. ಇಪ್ಪತ್ತು ನಿಮಿಷದೊಳಗೆ ಕೆಲಸ ಮುಗಿಯಿತು. ಸಾವಿರಾರು ಗ್ಯಾಲನ್ ಎಣ್ಣೆ ಸೋರಿತು, 17 ಟ್ರಾನ್ಸ್‌ಫಾರ್ಮರುಗಳು ಕಾದು ಕೆಟ್ಟವು, ನಷ್ಟ ಒಂದೂವರೆ ಕೋಟಿ ಡಾಲರಿಗೆ ಮೀರಿತು. ಒಬ್ಬನೂ ಗಾಯಗೊಳ್ಳಲಿಲ್ಲ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ದಾಳಿಕಾರರ ಕುಶಲತೆಯಲ್ಲ. ಉಪಕೇಂದ್ರ ಸರಿಹೋಗಲು 27 ದಿನ ಹಿಡಿದರೂ ಆ ರಾತ್ರಿ ಊರಿನಲ್ಲಿ ದೀಪ ಆರಲಿಲ್ಲವೆಂಬುದು. ನಿಯಂತ್ರಣ ಕೊಠಡಿಯಲ್ಲಿದ್ದವರು ಶಕ್ತಿಯನ್ನು ಬೇರೆ ದಾರಿಗಳಿಂದ ತಿರುಗಿಸಿ ತಂದರು. ಬೇಲಿ ಸೋತಿತು, ಬದಲು ದಾರಿ ಗೆದ್ದಿತು. ಬದಲು ದಾರಿಯಿಲ್ಲದೆಡೆ ಏನಾಗುತ್ತದೆಂಬುದಕ್ಕೂ ದೃಷ್ಟಾಂತವಿದೆ. 2022ರ ಡಿಸೆಂಬರ್ 3ರಂದು ಅದೇ ದೇಶದ ಉತ್ತರ ಕ್ಯಾರೊಲೈನಾದ ಮೂರ್ ಎಂಬ ಸೀಮೆಯಲ್ಲಿ ಎರಡು ಉಪಕೇಂದ್ರಗಳ ಮೇಲೆ ಗುಂಡು ಹಾರಿತು. ಸುಮಾರು 45,000 ಗ್ರಾಹಕರು ಚಳಿಗಾಲದಲ್ಲಿ ಹಲವು ದಿನ ಕತ್ತಲೆಯಲ್ಲಿ ಕಳೆದರು.

ಇಲ್ಲಿ ಒಂದು ವಿಷಯ ಗಮನಿಸತಕ್ಕದ್ದು. ಬಹುದೊಡ್ಡ ಟ್ರಾನ್ಸ್‌ಫಾರ್ಮರು ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ. ನೂರು, ಇನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಟನ್ ತೂಗುವ ಈ ಯಂತ್ರವನ್ನು ಹೇಳಿ ಮಾಡಿಸಬೇಕು. ಸಿದ್ಧವಾಗಲು ವರ್ಷ ಹಿಡಿಯಬಹುದು. ಸಿದ್ಧವಾದ ಮೇಲೆ ಸಾಗಿಸಲು ಸೇತುವೆಗಳ ಬಲವನ್ನು ಪರೀಕ್ಷಿಸಬೇಕು. ಗುಂಡಿಗೆ ಖರ್ಚು ಕೆಲವು ಕಾಸು. ಗಾಯಕ್ಕೆ ಔಷಧ ಕೋಟಿ. ಆದುದರಿಂದ ಗೋಡೆಯನ್ನು ಇನ್ನೂ ಎರಡು ಮೊಳ ಎತ್ತರಿಸುವುದಕ್ಕಿಂತ ಒಂದು ಬದಲಿ ಯಂತ್ರವನ್ನು ಕಾದಿರಿಸುವುದು ಎಷ್ಟೋ ವೇಳೆ ಹೆಚ್ಚಿನ ಜಾಣತನ. ಗೋಪುರಗಳ ವಿಷಯದಲ್ಲಿ ಈ ಜಾಣತನ ಬಂದಿದೆ: ಬಿದ್ದ ಗೋಪುರದ ಸ್ಥಾನದಲ್ಲಿ ಕೆಲವೇ ದಿನಗಳಲ್ಲಿ ನಿಲ್ಲಿಸಬಹುದಾದ, ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ತುರ್ತು ಗೋಪುರಗಳನ್ನು ನಮ್ಮ ದೇಶದಲ್ಲಿಯೂ ಇಟ್ಟುಕೊಂಡಿದ್ದಾರೆ.

ಇನ್ನೊಂದು ದಾಳಿಯಲ್ಲಿ ಬಂದೂಕೂ ಇರಲಿಲ್ಲ, ಮನುಷ್ಯರೂ ಕಾಣಲಿಲ್ಲ. 2015ರ ಡಿಸೆಂಬರ್ 23ರಂದು ಯುಕ್ರೇನ್ ದೇಶದಲ್ಲಿ ವಿದ್ಯುತ್ ನೌಕರರು ನೋಡುತ್ತಿದ್ದಂತೆಯೇ ಅವರ ಕಂಪ್ಯೂಟರಿನ ಪರದೆಯ ಮೇಲೆ ಬಾಣದ ಗುರುತು ತಾನಾಗಿಯೇ ಚಲಿಸಿ ಒಂದೊಂದೇ ಸ್ವಿಚ್ಚನ್ನು ತೆರೆಯತೊಡಗಿತು. ದೂರದಲ್ಲೆಲ್ಲೋ ಕುಳಿತವರು ಬೀಗದ ಕೈಗಳನ್ನು ಮೊದಲೇ ಕದ್ದಿದ್ದರು. ಸುಮಾರು 2,25,000 ಗ್ರಾಹಕರಿಗೆ ಬೆಳಕು ಹೋಯಿತು. ಆದರೆ ಕೆಲವೇ ಗಂಟೆಗಳಲ್ಲಿ ಮರಳಿತು. ಹೇಗೆಂದರೆ, ನೌಕರರು ಬಂಡಿಯೇರಿ ಉಪಕೇಂದ್ರಗಳಿಗೆ ಧಾವಿಸಿ ಸ್ವಿಚ್ಚುಗಳನ್ನು ಕೈಯಿಂದಲೇ ಮುಚ್ಚಿದರು. ಹಳೆಯ ಕೈಕೆಲಸವನ್ನು ಅವರು ಮರೆತಿರಲಿಲ್ಲ. ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುವಾಗ ಲೈನ್‌ಮನ್ ಏತಕ್ಕೆ ಎಂದು ಲೆಕ್ಕ ಹಾಕುವ ಅಧಿಕಾರಿಗಳು ಈ ಪ್ರಸಂಗವನ್ನು ಒಮ್ಮೆ ಓದಿದರೆ ಚೆನ್ನು.

ದೂರದ ಮಾತೇಕೆ? ಬೆಂಗಳೂರಿಗೆ ಬರುವ ಕಾವೇರಿಯ ನೀರನ್ನೇ ತೆಗೆದುಕೊಳ್ಳಿ. ಶಿವನಸಮುದ್ರದ ಕಡೆಯಿಂದ ಸುಮಾರು 100 ಕಿಲೋಮೀಟರು ದೂರ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ ಹೆಚ್ಚುಕಡಿಮೆ 500 ಮೀಟರು ಎತ್ತರಕ್ಕೆ ಪಂಪುಗಳು ಈ ನೀರನ್ನು ಎತ್ತುತ್ತವೆ. ನದಿಯು ತನ್ನಿಚ್ಛೆಯಿಂದ ಬೆಟ್ಟ ಹತ್ತುವುದಿಲ್ಲ. ಮಾರ್ಗದ ಒಂದು ಗೋಪುರ ಉರುಳಿದರೆ ಮಲ್ಲೇಶ್ವರದ ನಲ್ಲಿ ಒಣಗಬಹುದು. ಗೋಪುರದ ಕಾಲಿನ ಆಂಗಲ್ಲು ಗುಜರಿ ಅಂಗಡಿಯ ತಕ್ಕಡಿಯಲ್ಲಿ ಬಿದ್ದಾಗ ತೂಗುತ್ತಿರುವುದು ನಮ್ಮ ಕೊಡದ ನೀರೂ ಹೌದು.

ಕಾಯಿದೆಯೇನು ಹೇಳುತ್ತದೆ? ಇಲ್ಲಿ ಒಂದು ವಿಚಿತ್ರವನ್ನು ತಮ್ಮ ಮುಂದಿಡಬೇಕು. 2003ರ ವಿದ್ಯುಚ್ಛಕ್ತಿ ಕಾಯಿದೆಯನ್ನು ಬರೆದವರು ತಂತಿಯನ್ನು ಕದ್ದವನಿಗೆ ಮೂರು ವರ್ಷದವರೆಗೆ ಸೆರೆವಾಸವನ್ನು ಗೊತ್ತುಮಾಡಿದರು. ವಿದ್ಯುತ್ ಸರಬರಾಜನ್ನು ನಿಲ್ಲಿಸುವ ಉದ್ದೇಶದಿಂದಲೇ ತಂತಿಯನ್ನು ಕತ್ತರಿಸಿದವನಿಗೆ ವಿಧಿಸಿದ್ದು ಹತ್ತು ಸಾವಿರ ರೂಪಾಯಿಯವರೆಗೆ ದಂಡ ಮಾತ್ರ! ಹಸಿವಿನಿಂದ ಕದ್ದವನಿಗೆ ಸೆರೆಮನೆ, ಹಗೆಯಿಂದ ಕೆಡಿಸಿದವನಿಗೆ ರಸೀತಿ. ಅದೃಷ್ಟವಶಾತ್ 1984ರ ಸಾರ್ವಜನಿಕ ಆಸ್ತಿಯ ಹಾನಿ ನಿವಾರಣಾ ಕಾಯಿದೆ ಇದಕ್ಕೂ ಮೊದಲೇ ಬಂದಿದ್ದಿತು. ನೀರು, ಬೆಳಕು, ಶಕ್ತಿ ಇವುಗಳ ಸ್ಥಾವರಗಳನ್ನು ಕೆಡಿಸಿದವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಕಠಿಣ ಶಿಕ್ಷೆಯನ್ನು ಅದು ವಿಧಿಸುತ್ತದೆ. ಶಿಕ್ಷೆ ಬೇಕು, ನಿಜ. ಆದರೆ ಶಿಕ್ಷೆಯ ಭಯ ಕೆಲಸಮಾಡುವುದು ಹಿಡಿಯುವವರು ಇದ್ದಾಗ. ಮೆಟ್‌ಕಾಫಿನ ದಾಳಿಕಾರರು ಸಿಕ್ಕಲೇ ಇಲ್ಲ.

ಸಾರ್ವಜನಿಕ ಆಸ್ತಿ ಎಂದೆ. ಈ ಮಾತೇ ನಮ್ಮಲ್ಲಿ ಇನ್ನೂ ಪೂರ್ಣವಾಗಿ ಬೇರೂರಿಲ್ಲ. 1942ರ ಚಳುವಳಿಯಲ್ಲಿ ದೇಶದ ಹಲವೆಡೆ ತರುಣರು ಟೆಲಿಗ್ರಾಫ್ ತಂತಿಗಳನ್ನು ಕತ್ತರಿಸಿದರು. ಅದರ ಯುಕ್ತಾಯುಕ್ತತೆಯನ್ನು ಕುರಿತು ಆಗಲೇ ನಾಯಕರಲ್ಲಿ ಭಿನ್ನಾಭಿಪ್ರಾಯವಿತ್ತು. ನಾನದನ್ನು ಇಲ್ಲಿ ತೀರ್ಮಾನಿಸಲಾರೆ. ಆ ತಂತಿ ಪರರಾಜ್ಯದ ಕಿವಿ, ಪರರಾಜ್ಯದ ಬಾಯಿ ಎಂಬುದು ಅವರ ಸಮಾಧಾನ. ರಾಜ್ಯ ನಮ್ಮದಾಯಿತು, ಸರಕಾರದ ವಸ್ತು ಎಂದರೆ ಬೇರೊಬ್ಬರ ವಸ್ತು ಎಂಬ ಭಾವನೆ ಮಾತ್ರ ಹಾಗೆಯೇ ಉಳಿಯಿತು. ಮುಷ್ಕರದಲ್ಲಿ, ಗಲಭೆಯಲ್ಲಿ ಮೊದಲು ಕಲ್ಲು ಬೀಳುವುದು ಬಸ್ಸಿನ ಮೇಲೆ, ಬೀದಿಯ ದೀಪದ ಮೇಲೆ. ಕಲ್ಲೆಸೆದವನೂ ಆ ಬೀದಿಯಲ್ಲಿಯೇ ರಾತ್ರಿ ಮನೆಗೆ ನಡೆದುಹೋಗಬೇಕು.

ಈಗ ಮೊದಲು ಹೇಳಿದ ಹಣತೆಯ ಮಾತಿಗೆ ಬರೋಣ. ತಂತಿಯ ಮಾರ್ಗವನ್ನು ಹಗಲೂ ರಾತ್ರಿಯೂ ನೋಡುತ್ತಿರುವವರು ಎಂಜಿನಿಯರರಲ್ಲ, ಪೋಲೀಸರೂ ಅಲ್ಲ. ಅದರ ಕೆಳಗೆ ಉಳುವವರು, ದನ ಮೇಯಿಸುವವರು. ಅಪರಿಚಿತನೊಬ್ಬ ಅಪರಾತ್ರಿಯಲ್ಲಿ ಗೋಪುರದ ಬಳಿ ಸುಳಿದರೆ ಮೊದಲು ಬೊಗಳುವುದು ಅವರ ನಾಯಿ. ಆದರೆ ಅವರೇತಕ್ಕೆ ಎದ್ದು ನೋಡಬೇಕು? ಹೊಲದ ನಡುವೆ ಗೋಪುರ ನೆಟ್ಟಾಗ ಪರಿಹಾರವನ್ನು ಚೌಕಾಸಿ ಮಾಡಿ ಕೊಟ್ಟವರು, ಅವರ ಮನೆಗೆ ಬೆಳಕು ಕೊಡುವಾಗ ವರ್ಷಗಟ್ಟಲೆ ಅಲೆಸಿದವರು, ಈಗ ಬಂದು ಕಾವಲು ಕಾಯಿರಿ ಎಂದರೆ ಅದು ಯಾವ ನ್ಯಾಯ? ತಂತಿ ತನ್ನದೆಂದು ಹಳ್ಳಿಗನಿಗೆ ಅನ್ನಿಸಬೇಕಾದರೆ ತಂತಿಯೊಳಗಿನ ಶಕ್ತಿಯಲ್ಲಿ ಅವನಿಗೂ ಪಾಲಿರಬೇಕು; ಆ ಪಾಲು ಹೊತ್ತಿಗೆ ಸರಿಯಾಗಿ ದೊರೆಯಬೇಕು. ನಡುರಾತ್ರಿ ಎರಡು ಗಂಟೆಗೆ ಪಂಪಿಗೆ ಶಕ್ತಿ ಕೊಟ್ಟು, ಹಾವು ಚೇಳಿನ ನಡುವೆ ನೀರು ಹಾಯಿಸೆಂದರೆ ಮಮತೆ ಹುಟ್ಟದು. ಇದನ್ನು ಉದಾರತೆಯೆಂದು ಹೇಳುತ್ತಿಲ್ಲ, ಕಾವಲಿನ ಲೆಕ್ಕಾಚಾರವೆಂದೇ ಹೇಳುತ್ತಿದ್ದೇನೆ.

ಪಟ್ಟಣಿಗರ ಪಾಲು ಬೇರೆ. ಕದ್ದ ತಾಮ್ರ ಹಳ್ಳಿಯಲ್ಲಿ ಖರ್ಚಾಗುವುದಿಲ್ಲ. ಪಟ್ಟಣದ ಗುಜರಿಗೆ ಬಂದು, ಕುಲುಮೆಯಲ್ಲಿ ಕರಗಿ, ಪುಣ್ಯಸ್ನಾನ ಮಾಡಿ, ನಮ್ಮ ಮನೆಯ ಪಾತ್ರೆಯಾಗಿಯೋ ಮೋಟಾರಿನ ತಂತಿಯಾಗಿಯೋ ಹೊರಬರುತ್ತದೆ. ಕೊಳ್ಳುವವನಿಲ್ಲದೆ ಕಳ್ಳನಿಲ್ಲ. ಮಾರುವವನ ಹೆಸರು ವಿಳಾಸಗಳನ್ನು ಬರೆದುಕೊಳ್ಳದೆ ಗೋಪುರದ ಉಕ್ಕನ್ನೋ ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನೋ ತೂಗುವ ವ್ಯಾಪಾರಿಯ ಮೇಲೆ ಕಣ್ಣಿಡುವುದು ಸಾವಿರ ಮೈಲಿ ತಂತಿಯ ಮೇಲೆ ಕಣ್ಣಿಡುವುದಕ್ಕಿಂತ ಸುಲಭವಲ್ಲವೇ?

ಒಂದು ಎಚ್ಚರಿಕೆಯ ಮಾತು. ದೀಪ ಆರಿದೊಡನೆ ಇದು ಶತ್ರುಗಳ ಕೆಲಸವೆಂದು ಗುಲ್ಲೆಬ್ಬಿಸುವುದೂ ಒಂದು ಬಗೆಯ ಹಾನಿಯೇ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತಗಳು ಕತ್ತಲಾಗಿ 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಬೆಳಕಿಲ್ಲದೆ ನಿಂತಾಗ ಅದಕ್ಕೆ ಯಾವ ಶತ್ರುವೂ ಬೇಕಾಗಲಿಲ್ಲ. ಕೆಲವು ಮಾರ್ಗಗಳು ದುರಸ್ತಿಗೆಂದು ನಿಂತಿದ್ದವು, ಉಳಿದವು ಅಳತೆ ಮೀರಿ ಹೊತ್ತವು, ಕಡೆಗೆ ಬಿಟ್ಟುಕೊಟ್ಟವು. ಅಳಿಲು ಹಾರಿಯೂ ಕೊಂಬೆ ಒರಗಿಯೂ ದೀಪ ಆರುತ್ತದೆ. ತನಿಖೆಗೆ ಮುಂಚೆ ನೆರೆಯವನ ಮೇಲೆ ಬೆರಳು ತೋರಿಸಿದರೆ ಆಮೇಲೆ ದೀಪ ಬಂದರೂ ಆ ಕತ್ತಲೆ ಹೋಗದು.

ಕೊನೆಗೆ ಉಪಯೋಗಕ್ಕೆ ಬರುವ ಎರಡು ಮಾತು. ನೆಲಕ್ಕೆ ಬಿದ್ದ ತಂತಿಯನ್ನು ಕಂಡರೆ ಅದು ಸತ್ತಿದೆಯೆಂದು ನಂಬಬೇಡಿ. ಸುತ್ತಲಿನ ನೆಲದಲ್ಲಿಯೂ ಶಕ್ತಿ ಹರಡಿರಬಹುದಾದ್ದರಿಂದ ದೂರವೇ ನಿಂತು, ಮಕ್ಕಳನ್ನೂ ದನಗಳನ್ನೂ ತಡೆದು, 1912 ಎಂಬ ಸಂಖ್ಯೆಗೆ ಫೋನು ಮಾಡಿ. ಪ್ರಯಾಣದಲ್ಲಿ ಗೋಪುರದ ಕಾಲಿನ ಪಟ್ಟಿ ಬಿಚ್ಚಿಹೋಗಿರುವುದು ಕಣ್ಣಿಗೆ ಬಿದ್ದರೂ ಅದೇ ಸಂಖ್ಯೆಗೆ ತಿಳಿಸಬಹುದು; ಯಾರಾದರೂ ಬಿಚ್ಚುತ್ತಿರುವುದೇ ಕಂಡರೆ ಪೋಲೀಸರಿಗಾಗಿ 112. ಊರಿನ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಗೋಪುರಕ್ಕೆ ಒಂದು ಪುಟ್ಟ ಫಲಕ ಹೊಡೆದು ಮಾರ್ಗದ ಹೆಸರನ್ನೂ ಗೋಪುರದ ಸಂಖ್ಯೆಯನ್ನೂ ಬರೆದಿರುತ್ತಾರೆ; ಅದನ್ನು ಓದಿ ಹೇಳಿದರೆ ಅದು ಯಾವ ಗೋಪುರವೆಂದು ಅವರಿಗೆ ಗೊತ್ತಾಗುತ್ತದೆ.